ತನಿಖೆಗೆ ಹಾಜರಾಗದ ಗೊಂಬೆಗಳು

ತಾತನ ಎರಡೂ ಹೆಬ್ಬೆರಳುಗಳು ಹೊರಕ್ಕೆ ಬಾಗಿದ್ದವು. ಐವತ್ತು ವರ್ಷ ತೊಗಲುಗೊಂಬೆಗಳ ಬಿದಿರುಕಡ್ಡಿ ಹಿಡಿದು ಹಿಡಿದು ಹಾಗಾಗಿತ್ತು. ರೊಟ್ಟಿ ಮುರಿಯುವಾಗಲೂ ಆ ಬೆರಳುಗಳು ಯಾರನ್ನೋ ಕುಣಿಸುತ್ತಿವೆ ಎನ್ನಿಸುತ್ತಿತ್ತು. ಅವರು ನನ್ನ ಸ್ವಂತ ತಾತನಲ್ಲ. ಎಪ್ಪತ್ತರ ದಶಕದಲ್ಲಿ ಸಿರುಗುಪ್ಪದ ಕಡೆ ಹೊಳೆದಂಡೆಯ ಒಂದು ಊರಿಗೆ ಶಿಕ್ಷಕಿಯಾಗಿ ಹೋದಾಗ ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆಯವರು.

ಗೊಂಬೆಗಳ ಪೆಟ್ಟಿಗೆಯಲ್ಲಿ ರಾಮನ ಕಡೆಯವರಿಗೂ ರಾವಣನ ಕಡೆಯವರಿಗೂ ನಡುವೆ ಒಂದು ಚಾಪೆ ಇರುತ್ತಿತ್ತು. ಯಾಕೆಂದು ಕೇಳಿದೆ.

“ರಾತ್ರಿಪೂರ್ತಿ ಜಗಳ ಆಡ್ತಾರ್ರಿ ಅಕ್ಕೋರ. ಬಿಡಸೋರು ಯಾರು?”

ಬಳ್ಳಾರಿಯ ಪಾರ್ವತಿನಗರದಲ್ಲಿ ಬೆಳೆದ ನಾನು ಕಿಸಕ್ಕನೆ ನಕ್ಕೆ. ತಾತ ನಗಲಿಲ್ಲ.

ಗೊಂಬೆಗಳಲ್ಲಿ ಹದಿನೆಂಟು ಪೂರ್ತಿ ಹಾಳಾಗಿದ್ದವು. ಸೀತೆಯ ಕುತ್ತಿಗೆ ಹರಿದಿತ್ತು, ಹನುಮಂತನ ಬಾಲ ದಾರದಲ್ಲಿ ಜೋತಾಡುತ್ತಿತ್ತು. ಹೊಸದಾಗಿ ಮಾಡಿಸದಿದ್ದರೆ ಆಟವೇ ನಿಲ್ಲುತ್ತಿತ್ತು. ಜನಪದ ತಂಡಗಳಿಗೆ ಸರ್ಕಾರ ಸಹಾಯಧನ ಕೊಡುತ್ತದೆಂದು ತಿಳಿದು, ಬಳ್ಳಾರಿಯಿಂದ ಅರ್ಜಿ ತಂದವಳು ನಾನೇ. ಗುಮಾಸ್ತರ ಮಗಳು, ಅರ್ಜಿ ಬರೆಯುವುದು ರಕ್ತದಲ್ಲೇ ಇದೆಯೆಂಬ ಜಂಬ. ತಂಡದ ನೋಂದಣಿ, ಫೋಟೋ, ಹಾಳಾದ ಗೊಂಬೆಗಳ ಪಟ್ಟಿ ಎಲ್ಲ ಜೋಡಿಸಿದೆ. ಗೊಂಬೆಗಳನ್ನು ಊರಿನ ಶಿಕ್ಷಕರು ಕಣ್ಣಾರೆ ಕಂಡು ದೃಢೀಕರಿಸಬೇಕು ಎಂದಿತ್ತು.

“ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರಿ?” ಎಂದರು ತಾತ. ನಾನು ದುಂಡಗೆ ಸಹಿ ಹಾಕಿದೆ.

ಕೊನೆಯ ಷರತ್ತು ಹೀಗಿತ್ತು: ಹಾಳಾದ ಗೊಂಬೆಗಳನ್ನು ತನಿಖಾಧಿಕಾರಿಯ ಮುಂದೆ ಹಾಜರುಪಡಿಸತಕ್ಕದ್ದು. ಅದನ್ನು ಓದಿದೆ, ತಾತನಿಗೆ ಹೇಳಲಿಲ್ಲ. ಮನೆಯಲ್ಲಿರುವ ಗೊಂಬೆಗಳು ಎಲ್ಲಿಗೆ ಹೋಗುತ್ತವೆ ಎಂದುಕೊಂಡೆ.

ಅಧಿಕಾರಿ ಬರುವ ದಿನ ಬೆಳಿಗ್ಗೆ ಹೋದರೆ ಮನೆ ಸಾರಿಸಿತ್ತು, ಬಾಗಿಲಿಗೆ ರಂಗೋಲಿ, ಪೆಟ್ಟಿಗೆಗೆ ಅರಿಸಿನ ಕುಂಕುಮ.

“ಹರಕ ಗೊಂಬಿ ಎಲ್ಲಿಟ್ಟೀರಿ ತಾತ?”

“ನಿನ್ನಿ ಅಮಾಸಿ ಇತ್ತಲ್ರಿ, ಹೊಳಿಗಿ ಬಿಟ್ಟು ಬಂದ್ವಿ. ಸಾಹೇಬ್ರು ಬರ್ತಾರ, ಹೆಣ ಮನ್ಯಾಗ ಇಟ್ಕಂಡು ಅವ್ರನ್ನ ಹೆಂಗ ಕುಂದ್ರಸೋದು?”

ಆಟಕ್ಕೆ ಬಾರದ ಗೊಂಬೆ ಅವರ ಮನೆತನದಲ್ಲಿ ಸತ್ತಂತೆ. ಒಳ್ಳೆಯ ದಿನ ನೋಡಿ, ಹೂವು ಏರಿಸಿ, ಕಾಯಿ ಒಡೆದು ಹೊಳೆಗೆ ಬಿಟ್ಟು, ಸ್ನಾನ ಮಾಡಿ ಬರುತ್ತಾರೆ. ಈ ಪದ್ಧತಿ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ. ಏನಾದರೂ ಯೋಚಿಸುವಷ್ಟರಲ್ಲಿ ಜೀಪು ಬಂತು.

ಅಧಿಕಾರಿ ಕೆಟ್ಟ ಮನುಷ್ಯನೇನಲ್ಲ. ಚಹಾ ಕುಡಿದು, ಫೈಲು ಬಿಚ್ಚಿ, ಹದಿನೆಂಟು ಗೊಂಬೆ ತೋರಿಸಿರೆಂದರು. ತಾತ ನಡೆದದ್ದನ್ನು ನಡೆದಂತೆ ಹೇಳಿದರು. ಅಧಿಕಾರಿ ಕನ್ನಡಕ ತೆಗೆದು ನನ್ನತ್ತ ತಿರುಗಿದರು.

“ಟೀಚರ್, ನೋಡೀನಿ ಅಂತ ಸಹಿ ಹಾಕೀರಿ. ಇಲ್ಲಿ ನೋಡಿದ್ರ ಒಂದೂ ಇಲ್ಲ. ಸುಳ್ಳು ಸರ್ಟಿಫಿಕೇಟು ಅಂತ ನಾ ಬರದ್ರ ನಿಮ್ಮ ನೌಕರಿಗೆ ಬರತೈತಿ.”

ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬಳ್ಳಾರಿಯ ಮನೆ ನನ್ನ ಸಂಬಳದ ಮೇಲೆ ನಡೆಯುತ್ತಿತ್ತು. ನನ್ನ ಮುಖ ನೋಡಿ ಅವರಿಗೂ ಮರುಕ ಬಂದಿರಬೇಕು, ದನಿ ತಗ್ಗಿಸಿದರು.

“ಒಂದು ಕೆಲಸ ಮಾಡ್ರಿ ಅಜ್ಜಾರ. ಪೆಟ್ಟಿಗ್ಯಾಗ ಇದ್ದುದ್ರಾಗ ನಾಕು ಹರದು ತೋರಸ್ರಿ. ಉಳದದ್ದು ನಾ ನೋಡ್ಕಂತೀನಿ.”

ತಾತನ ಹೆಂಡತಿ ಎದ್ದು ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತರು. ತಾತ ಆ ಕೈಯನ್ನೇ ನೋಡಿದರು. ಹರಿಯಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಹೌದು, ಬೇಡಿಕೊಂಡೆ.

“ಜೀವ ಇದ್ದವ್ರನ್ನ ಹರಿಯಾಕ ಆಗಂಗಿಲ್ರಿ ಸಾಹೇಬ್ರ.”

ಅಧಿಕಾರಿ ಪೆನ್ನು ತೆಗೆದರು. “ಹಂಗಾರ ಹೇಳ್ರಿ ಟೀಚರ್. ಕೊನೀ ಷರತ್ತು ಇವರಿಗೆ ಓದಿ ಹೇಳಿದ್ರೋ ಇಲ್ಲೋ?”

ನಾನು ಫೈಲಿನಲ್ಲಿದ್ದ ನನ್ನ ದುಂಡನೆಯ ಸಹಿಯನ್ನೇ ನೋಡಿದೆ.

“ಹೇಳಿದ್ರು,” ಎಂದರು ತಾತ. “ಎರಡು ಸಲ ಹೇಳಿದ್ರು. ಗೊಂಬೀನೂ ಎಣಿಸಿ ನೋಡ್ಯಾರ. ನಾನ ಮರ್ತೆ. ತಪ್ಪು ನಂದೈತಿ, ಬರ್ಕೊಳ್ರಿ.”

ಅಧಿಕಾರಿ ಹಾಗೇ ಬರೆದುಕೊಂಡರು. ಅರ್ಜಿದಾರರ ತಪ್ಪಿನಿಂದ ತನಿಖೆ ನಡೆಯಲಿಲ್ಲ ಎಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ತಾತನ ಸುಳ್ಳನ್ನು ನಾನು ತಿದ್ದಲಿಲ್ಲ. ಆ ನಾಚಿಕೆ ಈಗಲೂ ಹೋಗಿಲ್ಲ.

ಆ ವರ್ಷ ಆಟದಲ್ಲಿ ಸೀತೆಯ ಸರದಿ ಬಂದಾಗ ಪರದೆ ಬರಿದಾಗಿತ್ತು. ಹಿಂದಿನಿಂದ ತಾತನ ಹೆಂಡತಿಯ ಹಾಡು ಮಾತ್ರ ಕೇಳುತ್ತಿತ್ತು. ಒಂದೆರಡು ಊರಿನವರು ನೋಡಿದರು, ಆಮೇಲೆ ಯಾರೂ ಕರೆಯಲಿಲ್ಲ. ನನ್ನ ಕೆಲಸ ಕಾಯಂ ಆಯಿತು, ಕುರುಗೋಡಿಗೆ ವರ್ಗವಾಯಿತು.

ಕೆಲವು ವರ್ಷಗಳ ನಂತರ ತಾತ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದಾರೆಂದು ತಿಳಿದು, ಬಸ್ಸು ಹತ್ತಿ ಗಂಜಿ ತೆಗೆದುಕೊಂಡು ಹೋದೆ. ನಾಲ್ಕು ಚಮಚ ಕುಡಿದರು. ಅಷ್ಟು ದಿನ ಗಂಟಲಲ್ಲೇ ಉಳಿದಿದ್ದ ಮಾತನ್ನು ಅಂದು ಆಡಿದೆ.

“ತಾತ, ಆ ಷರತ್ತು ನಾ ನಿಮಗ ಹೇಳಿದ್ದಿಲ್ಲ.”

“ಗೊತ್ತೈತವ್ವ,” ಎಂದರು. ಮೊದಲ ಸಲ ನನ್ನನ್ನು ಅಕ್ಕೋರೆನ್ನದೆ ಮಗಳಂತೆ ಕರೆದಿದ್ದರು. “ನೀ ಹೇಳಿದ್ರೂ ನಾ ಹೊಳಿಗಿ ಬಿಡ್ತಿದ್ದೆ.”

ಅದು ನಿಜವೋ, ನನಗಾಗಿ ಹೇಳಿದ ಎರಡನೆಯ ಸುಳ್ಳೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮುಂದಿನ ಭಾನುವಾರ ಕೇಳಿದರಾಯಿತು ಎಂದುಕೊಂಡು ಬಂದೆ. ಗುರುವಾರ ತಾತ ತೀರಿಕೊಂಡರು.