ಬ್ರೇಕ್ ಮೇಷ್ಟ್ರು ಮಗಳ ಗಾಡಿ ನೋಡಿದ್ದು

ಕೆಲವರಿಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ. ಬ್ರೇಕ್ ಮೇಷ್ಟ್ರಿಗೆ ಇದ್ದದ್ದು ಬಲಗಾಲಿನಲ್ಲಿ. ಅವರು ಕಾರು ಓಡಿಸುವುದನ್ನು ಕಲಿಸುವವರು. ಅವರ ಕಲಿಕೆಯ ಕಾರಿನಲ್ಲಿ ಎಡಗಡೆ ಸೀಟಿನ ಮುಂದೆಯೂ ಒಂದು ಬ್ರೇಕ್ ಇತ್ತು. ಸ್ಟೀರಿಂಗ್ ಹಿಡಿದವರು ಕೊಂಚ ಎಡವಟ್ಟು ಮಾಡಿದರೆ ಸಾಕು, ಮೇಷ್ಟ್ರು ಅದನ್ನು ಧಡಕ್ಕನೆ ಅದುಮಿ, "ಯಾರನ್ನ ಕೊಲ್ಲೋಕೆ ಹೊರಟಿದ್ದೀಯಪ್ಪಾ?" ಎಂದು ಕೇಳುತ್ತಿದ್ದರು. ಊರಿನ ಅರ್ಧ ಜನ ಹೀಗೆ ಬೈಸಿಕೊಂಡೇ ಲೈಸೆನ್ಸ್ ಪಡೆದವರು. ಬಸ್ಸಿನಲ್ಲಿ ಕೂತರೂ ಮೇಷ್ಟ್ರ ಕಾಲು ಸುಮ್ಮನಿರುತ್ತಿರಲಿಲ್ಲ, ಮುಂದಿನ ಸೀಟಿನವರ ಚಪ್ಪಲಿಯನ್ನೇ ತುಳಿದುಬಿಡುತ್ತಿತ್ತು. "ನಿದ್ದೇಲೂ ಒದೀತಾರೆ ಕಣ್ರೀ, ಯಾರ ಹತ್ರ ಹೇಳ್ಕೊಳ್ಳಲಿ" ಎಂದು ಅವರ ಹೆಂಡತಿ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡೇ ಬಂದಿದ್ದರು.

ಇಂಥ ಮೇಷ್ಟ್ರ ಮೇಲೆ ಕೆಲವು ತಿಂಗಳಿಂದ ಎಡಗಡೆಯ ಲೋಕ ಮುನಿಸಿಕೊಂಡಿತ್ತು. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ಬಡಿಯುತ್ತಿತ್ತು. ಊಟದ ಮೇಜಿನ ಎಡಗಡೆ ಇಟ್ಟ ನೀರಿನ ಲೋಟ ದಿನ ಬಿಟ್ಟು ದಿನ ಉರುಳುತ್ತಿತ್ತು. "ಕಣ್ಣು ಎಲ್ಲಿಟ್ಟಿರ್ತೀರಿ?" ಎಂದು ಹೆಂಡತಿ ಗದರಿದರೆ, "ಲೋಟ ಇಡೋ ಜಾಗವೇನೇ ಅದು?" ಎಂದು ಇವರೇ ತಿರುಗಿ ಬೀಳುತ್ತಿದ್ದರು. ಒಳಗೊಳಗೆ ಅನುಮಾನ ಇಲ್ಲದಿರಲಿಲ್ಲ. ಆದರೆ ಕಣ್ಣಿನ ಡಾಕ್ಟರ ಬೀದಿಗೂ ಅವರು ಕಾಲಿಡಲಿಲ್ಲ. ಡಾಕ್ಟರು ಒಂದು ಮಾತು ಹೇಳಿಬಿಟ್ಟರೆ ಕಾರು ಕಲಿಸುವುದು ಅಲ್ಲಿಗೆ ಮುಗಿಯಿತು. ಅದೊಂದನ್ನು ಬಿಟ್ಟರೆ ಅವರಿಗೆ ಬೇರೆ ಏನೂ ಬರುತ್ತಿರಲಿಲ್ಲ, ಅಡುಗೆಮನೆಯಲ್ಲಿ ಒಲೆ ಹಚ್ಚುವುದೂ ಸೇರಿ.

ಹೀಗಿರುವಾಗ ಮಗಳು ಗಾಡಿ ಕೊಳ್ಳುತ್ತೇನೆ ಎಂದಳು. ಅವಳು ದನದ ಡಾಕ್ಟರು. ಗುಡ್ಡದ ಮೇಲಿನ ದೊಡ್ಡಿಗಳಿಗೆ ಹೋಗಬೇಕಾದಾಗ ಅವಳ ಪುಟ್ಟ ಕಾರು ಅರ್ಧ ದಾರಿಯಲ್ಲೇ ಕೆಸರಿನಲ್ಲಿ ಹೂತು ಕೂರುತ್ತಿತ್ತು. ಹೋದ ತಿಂಗಳು ಹೊಟ್ಟೆಯಲ್ಲಿ ಕರು ಅಡ್ಡಲಾಗಿ ನಿಂತ ಹಸುವಿನ ಹತ್ತಿರ ಅವಳು ನಡೆದು ತಲುಪುವಷ್ಟರಲ್ಲಿ ತಾಯಿಯೂ ಇಲ್ಲ, ಕರುವೂ ಇಲ್ಲ. ಅಂದಿನಿಂದ ಕಲ್ಲು, ಹಳ್ಳ, ಏರು ಯಾವುದಕ್ಕೂ ಜಗ್ಗದ ದೊಡ್ಡ ಗಾಡಿಯೊಂದರ ಮೇಲೆ ಅವಳ ಮನಸ್ಸು ನೆಟ್ಟಿತ್ತು. ಆದರೂ ಹೇಳಿದ್ದು ಮಾತ್ರ ಇಷ್ಟೇ: "ಅಪ್ಪ ಕೂತು ನೋಡಿ ಹೂಂ ಅಂದ್ರೆ ತಗೋತೀನಿ, ಉಹೂಂ ಅಂದ್ರೆ ಇಲ್ಲ."

ಮೇಷ್ಟ್ರು ಉಬ್ಬಿಹೋದರು. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಲಿಕೆಯ ಕಾರಿನಲ್ಲೇ ಹೆಂಡತಿ ಮಗಳನ್ನು ಕೂರಿಸಿಕೊಂಡು ಷೋರೂಮಿಗೆ ಹೊರಟರು. ದಾರಿಯಲ್ಲಿ ಎಡಗಡೆಯಿಂದ ಯಾರೋ ಎರಡು ಸಲ ಕೂಗಿದರು. ಮೇಷ್ಟ್ರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂದೆ ಕೂತ ಮಗಳು ಫೋನಿನಲ್ಲಿ ಯಾವುದೋ ಎಮ್ಮೆಯ ಜ್ವರ ವಿಚಾರಿಸುತ್ತಿದ್ದಳು.

ಷೋರೂಮಿನ ಹಿಂದೆ ಗುಡ್ಡೆ, ಗುಂಡಿ, ಕೆಸರು ಎಲ್ಲವನ್ನೂ ಅವರೇ ಮಾಡಿಟ್ಟ ಒಂದು ಮೈದಾನ. ಅಲ್ಲಿ ಆ ಗಾಡಿ ಕೊಬ್ಬಿದ ಕೋಣದ ಹಾಗೆ ನಿಂತಿತ್ತು. ಮಾರಾಟದ ಹುಡುಗ ಟೈ ಸರಿಮಾಡಿಕೊಳ್ಳುತ್ತಾ ಓಡಿಬಂದ.

"ಹತ್ತೋದಕ್ಕೆ ಏಣಿನೂ ಕೊಡ್ತೀರೇನಪ್ಪಾ?" ಎಂದರು ಮೇಷ್ಟ್ರ ಹೆಂಡತಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾ.

"ಹಿಡಿ ಇದೆ ಅಮ್ಮ, ಹಿಡ್ಕೊಂಡು ಒಂದು ಹೆಜ್ಜೆ..."

"ಹೆಜ್ಜೆಯೇನೋ ಇಡ್ತೀನಿ, ಮಂಡಿ ಒಪ್ಪಬೇಕಲ್ಲ." ಅಂತೂ ಮಗಳು ಹಿಂದಿನಿಂದ ತಳ್ಳಿ, ಹುಡುಗ ಮುಂದಿನಿಂದ ಎಳೆದು, ಆಕೆ ಹಿಂದಿನ ಸೀಟು ಸೇರಿದರು. ಸೇರಿದ ಮೇಲೆ ಸುತ್ತ ನೋಡಿ, "ಅಬ್ಬಾ, ಪಕ್ಕದ ಕಾಂಪೌಂಡಿನ ಒಳಗಡೆನೂ ಕಾಣುತ್ತೆ! ಯಾರ ಬಟ್ಟೆ ಒಣಗಿದೆ, ಯಾರದ್ದು ಒಣಗಿಲ್ಲ, ಎಲ್ಲ ಗೊತ್ತಾಗುತ್ತೆ" ಎಂದು ಮೆಚ್ಚಿದರು.

ಮೇಷ್ಟ್ರು ಸೀಟು ನೋಡುವ ಕ್ರಮವೇ ಬೇರೆ. ಸ್ಟೀರಿಂಗಿನ ಮುಂದೆ ಕೂತು ಬೆನ್ನನ್ನು ಸೀಟಿಗೆ ಅಂಟಿಸಿದರು. ತಲೆಗೂ ಚಾವಣಿಗೂ ನಡುವೆ ಮುಷ್ಟಿ ತೂರಿಸಿದರು. ತೊಡೆಯ ಕೆಳಗೆ ಕೈ ಹಾಕಿ ಸೀಟಿನ ಅಂಚು ಒತ್ತುತ್ತದೆಯೇ ನೋಡಿದರು. ಕಾಲು ಪೂರ್ತಿ ಚಾಚದೆ ಕ್ಲಚ್ ತಳ ಮುಟ್ಟುತ್ತದೆಯೇ ಎಂದು ತುಳಿದರು. "ಸೀಟಿಗೆ ಹೆಸರಿಡೋ ಹಾಗಿಲ್ಲ. ಇಡೀ ದಿನ ಕೂತರೂ ಸೊಂಟ ಹಿಡಿಯಲ್ಲ" ಎಂದರು. ಮಗಳ ಮುಖ ಅರಳಿತು.

ಆಮೇಲೆ ಮೈದಾನದಲ್ಲಿ ಓಡಿಸಿದರು. ಗುಡ್ಡೆ ಹತ್ತಿಸಿದರು, ಗುಂಡಿ ಇಳಿಸಿದರು, ಕೆಸರಿನಲ್ಲಿ ಎಣ್ಣೆ ಹಚ್ಚಿದ ಹಾಗೆ ದಾಟಿಸಿದರು. ಕೈ ಹಳೆಯ ಕೈ, ಅದರಲ್ಲಿ ಅನುಮಾನವೇ ಇಲ್ಲ. ತಿರುವಿನಲ್ಲಿ ಮಾತ್ರ ಎಡಗಡೆ ಢಬ್ ಎಂದಿತು. ಗುರುತಿಗೆ ನಿಲ್ಲಿಸಿದ್ದ ಕೆಂಪು ಡ್ರಮ್ಮು ಉರುಳಿಕೊಂಡು ಹೋಯಿತು.

"ರೀ! ಅಷ್ಟು ದೊಡ್ಡ ಡ್ರಮ್ಮು!" ಎಂದು ಹೆಂಡತಿ ಕಿರುಚಿದರು.

"ಡ್ರಮ್ಮಿನ ತಪ್ಪಲ್ಲ, ಕಂಬದ ತಪ್ಪು" ಎಂದರು ಮೇಷ್ಟ್ರು, ಮುಂದಿನ ಗಾಜಿನ ಎಡಪಕ್ಕದ ಕಂಬವನ್ನು ತೋರಿಸಿ. "ಇಷ್ಟು ದಪ್ಪ ಮಾಡಿದ್ರೆ ಆಚೆಗಿರೋದು ಹೇಗೆ ಕಾಣಬೇಕು? ಪುಟ್ಟಿ, ಇಳಿ. ಹಾರ್ನ್ ಹಾಕಿ ನೋಡೇಬಿಡೋಣ."

ಈ ಹಾರ್ನ್ ಪರೀಕ್ಷೆ ಮೇಷ್ಟ್ರು ತಾವೇ ಕಂಡುಹಿಡಿದದ್ದು. ಒಬ್ಬರು ಸ್ಟೀರಿಂಗಿನ ಮುಂದೆ ಕೂತು ಕತ್ತು ತಿರುಗಿಸದೆ ನೇರ ನೋಡಬೇಕು. ಇನ್ನೊಬ್ಬರು ಗಾಡಿಯ ಮುಂದಿನಿಂದ ಶುರುಮಾಡಿ ಪಕ್ಕದ ಬಾಗಿಲಿನವರೆಗೆ ನಿಧಾನವಾಗಿ ನಡೆಯಬೇಕು. ನಡೆಯುವವರು ಕಾಣದೆ ಹೋದಾಗಲೆಲ್ಲ ಕೂತವರು ಹಾರ್ನ್ ಒತ್ತಿ ಹಿಡಿಯಬೇಕು, ಕಂಡ ತಕ್ಷಣ ಬಿಡಬೇಕು. ಗಾಡಿ ಎಷ್ಟು ಕುರುಡು ಎನ್ನುವುದನ್ನು ಅದರ ಬಾಯಿಂದಲೇ ಹೇಳಿಸಬೇಕು ಎನ್ನುತ್ತಿದ್ದರು ಮೇಷ್ಟ್ರು.

ಮಗಳು ಮೊದಲು ಬಲಗಡೆ ನಡೆದಳು. ಕಂಬದ ಹತ್ತಿರ ಹಾರ್ನ್ ಒಂದು ಸಲ ಪೀಂ ಎಂದು ನಿಂತಿತು. ಆಮೇಲೆ ಎಡಗಡೆ ನಡೆದಳು. ಅವಳು ಬಾನೆಟ್ಟಿನ ಮೂಲೆ ದಾಟಿದ್ದೇ ತಡ, ಹಾರ್ನ್ ಕಿರುಚತೊಡಗಿತು. ಕಂಬ ದಾಟಿದರೂ ಕಿರುಚಿತು. ಅವಳು ಬಾಗಿಲಿನ ಕಿಟಕಿಯ ಎದುರು ಬಂದು ನಿಂತರೂ ನಿಲ್ಲಲಿಲ್ಲ. ಹುಡುಗ ಎರಡೂ ಕಿವಿ ಮುಚ್ಚಿಕೊಂಡ.

"ಕೇಳಿದ್ಯಾ?" ಮೇಷ್ಟ್ರು ಕೆಳಗಿಳಿದರು. "ಕಂಬ ಅಲ್ಲಮ್ಮ ಅದು, ಗೋಡೆ. ಈ ಗಾಡಿ ಬೇಡ."

ಮಗಳು ತುಟಿ ಕಚ್ಚಿಕೊಂಡು ಗಾಡಿಯ ಕಡೆ ಒಮ್ಮೆ ನೋಡಿ, "ಆಯ್ತಪ್ಪ" ಎಂದಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ. ಮಾರಾಟದ ಹುಡುಗನಿಗೆ ಮಾತ್ರ ತಡೆಯಲಾಗಲಿಲ್ಲ. "ಸರ್, ನಿಮ್ಮ ಪರೀಕ್ಷೆ ನಾನು ಬೇಡ ಅನ್ನಲ್ಲ. ಆದ್ರೆ ಓಡಿಸೋರು ಮೇಡಂ ಅಲ್ವಾ? ಅವರೂ ಒಂದ್ಸಲ ಕೂತು ನೋಡ್ಲಿ ಸರ್" ಎಂದು ಗೋಗರೆದ.

ನ್ಯಾಯವಾದ ಮಾತು. ಓಡಿಸುವವರೇ ಕೂತು ನೋಡಬೇಕೆಂದು ಮೇಷ್ಟ್ರೇ ಎಷ್ಟು ಜನಕ್ಕೆ ಹೇಳಿದ್ದರೋ! ಮಗಳು ಹತ್ತಿ ಕೂತಳು, ಮೇಷ್ಟ್ರು ನಡೆದರು. ಬಾನೆಟ್ಟಿನ ಮೂಲೆ ದಾಟಿದರು. ಹಾರ್ನ್ ಇಲ್ಲ. ಕಂಬದ ನೇರಕ್ಕೆ ಬಂದಾಗ ಪೀಂ ಎಂದಿತು, ಅಷ್ಟೇ. ಮುಂದೆ ಮತ್ತೆ ಸದ್ದಿಲ್ಲ.

"ಸರಿಯಾಗಿ ಒತ್ತೇ!" ಎಂದು ಗದರಿ ಮೇಷ್ಟ್ರು ಹಿಂದೆ ಹೋಗಿ ಮತ್ತೆ ಮೊದಲಿಂದ ನಡೆದರು. ಈ ಸಲ ಹೆಜ್ಜೆ ಇನ್ನೂ ನಿಧಾನ. ಅದೇ ಜಾಗದಲ್ಲಿ ಅದೇ ಸಣ್ಣ ಪೀಂ. ಬಾಗಿಲಿನ ಹತ್ತಿರ ಬಂದು ನಿಂತರು. ಹಾರ್ನ್ ಬರಲಿ ಎಂದು ಕಾದರು. ಜೀವಮಾನದಲ್ಲಿ ಇನ್ನೊಬ್ಬರು ಹಾರ್ನ್ ಹೊಡೆಯಲಿ ಎಂದು ಅವರು ಬೇಡಿಕೊಂಡದ್ದು ಅದೊಂದೇ ಸಲ.

"ನೇರ ನೋಡ್ತಾ ಇದ್ದೀಯೇನೇ? ಕತ್ತು ತಿರುಗಿಸ್ತಿಲ್ಲ ತಾನೇ?"

"ಇಲ್ಲಪ್ಪ, ನೇರಾನೇ ನೋಡ್ತಿದ್ದೀನಿ" ಎಂದಳು ಮಗಳು. "ನೀವು ಕಾಣಿಸ್ತಾ ಇದ್ದೀರಿ."

ಕಂಬದ ಮೇಲೆ ಹೊರಿಸಿದ್ದು, ಲೋಟದ ಮೇಲೆ, ಚೌಕಟ್ಟಿನ ಮೇಲೆ ಹೊರಿಸಿದ್ದು ಎಲ್ಲ ಒಟ್ಟಿಗೆ ಮೇಷ್ಟ್ರ ತಲೆಯ ಮೇಲೇ ಬಂದು ಬಿತ್ತು. ಮಗಳು ಅಪ್ಪ ಒತ್ತಿದ ಹಾರ್ನನ್ನೂ ಕೇಳಿದ್ದಳು, ತಾನು ಒತ್ತಿದ್ದನ್ನೂ ಕೇಳಿದ್ದಳು. ಮಾತು ಬಾರದ ದನಗಳ ಕಾಯಿಲೆ ಕಂಡುಹಿಡಿಯುವವಳಿಗೆ ಇದನ್ನು ಬಿಡಿಸಿ ಹೇಳಬೇಕೇ? ಅವಳು ಇಳಿದು ಬಂದು ಅಪ್ಪನ ಎಡಗಡೆ ನಿಂತಳು. ಅಲ್ಲಿಂದಲೇ ಸುಮ್ಮನೆ ಕೈಯೆತ್ತಿ ಎರಡು ಬೆರಳು ಆಡಿಸಿದಳು. ಮೇಷ್ಟ್ರು ಮಿಸುಕಲಿಲ್ಲ. ಅವಳ ಕಣ್ಣು ತುಂಬಿಬಂತು.

"ಗಾಡಿ ಚೆನ್ನಾಗಿದೆ" ಎಂದು ಮೇಷ್ಟ್ರು ಹುಡುಗನಿಗೆ ಹೇಳಿದರು. "ಕೊಡಪ್ಪ ಅವಳಿಗೆ."

ಹೊರಗೆ ಕಲಿಕೆಯ ಕಾರಿನ ಹತ್ತಿರ ಬಂದಾಗ ಮಗಳು ಕೈ ಚಾಚಿದಳು. "ಅಪ್ಪ, ಕೀ ಕೊಡಿ. ನಾನು ಓಡಿಸ್ತೀನಿ. ನಾಳೇನೇ ಕಣ್ಣಿನ ಡಾಕ್ಟರ ಹತ್ರ ಹೋಗೋಣ." ಮೇಷ್ಟ್ರು ಕೊಟ್ಟರು. ಕೊಟ್ಟು, ಸುತ್ತಿ ಬಂದು ಎಡಗಡೆ ಸೀಟಿನಲ್ಲಿ ಕೂತರು. ಕೂತ ಮೇಲೆ ಕೊಂಚ ಉಸಿರು ಬಂತು. ಹೋಗಲಿ, ಸ್ಟೀರಿಂಗ್ ಹೋದರೆ ಹೋಗಲಿ. ಇಷ್ಟು ವರ್ಷ ತಾವು ಕೂತದ್ದು ಇಲ್ಲೇ ತಾನೇ? ಓಡಿಸುವವರು ಕಲಿಯುವವರು. ಕಾಯುವುದು ತಮ್ಮ ಕಾಲು, ತಮ್ಮ ಬ್ರೇಕ್. ಅದನ್ನು ಯಾರೂ ಕಿತ್ತುಕೊಳ್ಳಲಾರರು. ಬಲಗಾಲು ತಾನಾಗಿಯೇ ಹೋಗಿ ಬ್ರೇಕಿನ ಮೇಲೆ ಕೂತಿತು. ಆ ಬ್ರೇಕಿನ ರಬ್ಬರು ಸವೆದು ಅವರ ಪಾದದ ಆಕಾರಕ್ಕೇ ಬಂದಿತ್ತು.

ಕಾರು ಅಂಗಡಿಗಳ ಬೀದಿಗೆ ತಿರುಗಿತು. ಮೇಷ್ಟ್ರು ನೇರ ನೋಡುತ್ತಿದ್ದರು, ಎಂದಿನ ಹಾಗೆ, ಕಾಲು ಬ್ರೇಕಿನ ಮೇಲಿಟ್ಟುಕೊಂಡೇ.

ಕಾರು ಧಡಕ್ಕನೆ ನಿಂತಿತು. ಮೇಷ್ಟ್ರ ಹಣೆ ಗಾಜಿಗೆ ತಾಗುವುದರಲ್ಲಿತ್ತು. "ಯಾಕೇ ಹಾಗೆ ಅದುಮಿದೆ? ಎದುರಿಗೆ ಯಾರೂ ಇಲ್ವಲ್ಲ!" ಎಂದು ರೇಗಿದರು.

ಮಗಳು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ಏದುಸಿರು ಬಿಡುತ್ತಿದ್ದಳು. "ರೀ," ಎಂದರು ಹೆಂಡತಿ ಹಿಂದಿನಿಂದ. "ನಿಮ್ಮ ಪಕ್ಕದಲ್ಲೇ ಬಂದಳಲ್ರೀ."

ಮೇಷ್ಟ್ರು ಕತ್ತನ್ನು ಪೂರ್ತಿ ತಿರುಗಿಸಿದರು. ಅವರ ಕಿಟಕಿಯಿಂದ ಒಂದು ಮೊಳ ಮುಂದೆ, ಬಾನೆಟ್ಟಿನ ಮೇಲೆ ಕೈಯೂರಿಕೊಂಡು, ತುಂಬು ಬಸುರಿಯೊಬ್ಬಳು ನಿಂತಿದ್ದಳು. ಅವಳ ಚೀಲದ ಸಾಮಾನೆಲ್ಲ ರಸ್ತೆಯಲ್ಲಿ ಚೆಲ್ಲಿತ್ತು. ಬೈಯಲೂ ಆಗದಷ್ಟು ಅವಳು ಹೆದರಿದ್ದಳು.

ಅವರ ಕಾಲು ಇನ್ನೂ ಬ್ರೇಕಿನ ಮೇಲೆಯೇ ಇತ್ತು. ಒತ್ತಿರಲಿಲ್ಲ. ಮೇಷ್ಟ್ರು ಅದನ್ನು ಎರಡೂ ಕೈಯಿಂದ ಹಿಡಿದು, ತಮ್ಮದಲ್ಲದ ಸಾಮಾನು ಎತ್ತಿಡುವವರಂತೆ ಎತ್ತಿ ಪಕ್ಕಕ್ಕಿಟ್ಟುಕೊಂಡರು.

"ನಾಳೆ ಬೆಳಿಗ್ಗೆ ಕಲಿಯೋಕೆ ಬರ್ತಾರಲ್ಲ ಪುಟ್ಟಿ" ಎಂದರು, "ಅವರಿಗೆ ಏನಂತ ಹೇಳ್ಲೇ?"

ಮಗಳು ಇಳಿದು ಹೋಗಿ ಆ ಹೆಂಗಸಿನ ಸಾಮಾನು ಆರಿಸಿಕೊಡತೊಡಗಿದಳು. ಹಿಂದೆ ನಿಂತ ಗಾಡಿಗಳು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದವು.