ಹದದಣ್ಣನ ಕೈ

ಅಪ್ಪ ಅಮ್ಮ ಇಟ್ಟ ಹೆಸರು ಏನಾದರೂ ಇರಲಿ, ದೋಣಿಕಟ್ಟೆಯ ಜನಕ್ಕೆಲ್ಲ ಅವನು ಹದದಣ್ಣ. ಮಾತು ಮಾತಿಗೂ "ಹದ ನೋಡ್ಬೇಕು" ಅನ್ನುವವನಿಗೆ ಬೇರೆ ಯಾವ ಹೆಸರು ತಾನೇ ಅಂಟೀತು? ರೆಸಿನ್ ಅಂಟು ಕಲಸುವಾಗ ಹದ, ಡ್ರಿಲ್ ಒತ್ತುವಾಗ ಹದ, ಚಹಾಕ್ಕೆ ಸಕ್ಕರೆ ಹಾಕುವಾಗಲೂ ಹದ. ನೀರಿನ ದಂಡೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಅವನು ಫೈಬರ್ ದೋಣಿಗಳನ್ನು ರಿಪೇರಿ ಮಾಡುತ್ತಿದ್ದ. ಒಂದು ದೋಣಿಯೂ ದೂರು ಹೊತ್ತು ಹಿಂದಕ್ಕೆ ಬಂದದ್ದಿಲ್ಲ ಎಂಬುದು ಅವನ ಒಂದೇ ಒಂದು ಆಸ್ತಿ.

ಅವನ ಹೆಸರು ಹೆಚ್ಚು ನಡೆಯುತ್ತಿದ್ದುದು ಅಂಚುಪಟ್ಟಿ ಹಾಕುವುದರಲ್ಲಿ. ಫೈಬರ್ ದೋಣಿ ಅಂದರೆ ಎರಡು ಚಿಪ್ಪು. ಕೆಳಗಿನ ಒಡಲು, ಮೇಲಿನ ಮುಚ್ಚಳ. ಎರಡೂ ಕೂಡುವ ಅಂಚಿನ ಸುತ್ತ ಒಂದು ಪಟ್ಟಿ ಇರುತ್ತದೆ. ದೋಣಿ ದಡದ ಕಟ್ಟೆಗೆ ಬಡಿದಾಗೆಲ್ಲ ಏಟು ತಿನ್ನುವುದು ಅದೇ. ಮೊದಲು ಉದ್ದಕ್ಕೂ ಕಾಲುವೆಯಂಥ ತೋಡು ಇರುವ ಗಟ್ಟಿ ಪ್ಲಾಸ್ಟಿಕ್ ಪಟ್ಟಿಯನ್ನು ಸ್ಕ್ರೂ ಹಾಕಿ ಕೂರಿಸಬೇಕು, ಆಮೇಲೆ ಆ ತೋಡಿನೊಳಕ್ಕೆ ಮೆತ್ತನೆಯ ರಬ್ಬರು ತುರುಕಬೇಕು. ರಬ್ಬರು ಕೂತಿತೆಂದರೆ ಸ್ಕ್ರೂ ಕಾಣುವುದಿಲ್ಲ. ಒಳಗೆ ಕೆಲಸ ಹೇಗಾಗಿದೆಯೋ ಮಾಡಿದವನಿಗೇ ಗೊತ್ತು.

ಇದು ಇಬ್ಬರ ಕೆಲಸ. ಬಿಸಿನೀರು ಹೊಯ್ದು ಮೆತ್ತಗಾದ ಪಟ್ಟಿಯನ್ನು ದೋಣಿಯ ಮೂತಿಯ ಬಾಗಿಗೆ ಸರಿಯಾಗಿ ಎಳೆದು ಹಿಡಿಯಲು ಒಬ್ಬರು, ಸ್ಕ್ರೂ ತಿರುಗಿಸಲು ಒಬ್ಬರು. ಎಳೆಯುವವಳು ಅವನ ಹೆಂಡತಿ. ಮದುವೆಯಾದ ಹೊಸತರಲ್ಲಿ ಕೆಲಸದವನು ಕೈಕೊಟ್ಟನೆಂದು "ಇವತ್ತೊಂದಿನ ಹಿಡ್ಕೊಂಡ್ಬಿಡು" ಎಂದು ಅವಳನ್ನು ಕರೆದಿದ್ದ. ಆ ಒಂದು ದಿನ ಇನ್ನೂ ಮುಗಿದಿಲ್ಲ. ಊರಿನವರು ಶೆಡ್ಡಿಗೆ ಬಂದರೆ ಅವನ ಹತ್ತಿರ ಮಾತಾಡುತ್ತಿದ್ದರು, ಅವಳ ಹತ್ತಿರ ಕುಡಿಯಲು ನೀರು ಕೇಳುತ್ತಿದ್ದರು.

ಎಲ್ಲ ಇರುವುದು ಸ್ಕ್ರೂವಿನ ಕೊನೆಯ ಅರ್ಧ ಸುತ್ತಿನಲ್ಲಿ. ಕಡಿಮೆಯಾದರೆ ಪಟ್ಟಿ ಸಡಿಲ. ಒಂದು ಕೂದಲೆಳೆ ಹೆಚ್ಚಾದರೆ ತೆಳ್ಳನೆಯ ಫೈಬರ್ ಹಿಡಿತ ಬಿಟ್ಟು, ಸ್ಕ್ರೂ ಸುಮ್ಮನೆ ಗಿರಗಿರ ತಿರುಗುತ್ತದೆ. ಆದ್ದರಿಂದ ಆ ಅರ್ಧ ಸುತ್ತಿಗೆ ಹದದಣ್ಣ ಮೆಷಿನ್ ಮುಟ್ಟುತ್ತಿರಲಿಲ್ಲ. ಬೆರಳ ತುದಿಯಲ್ಲಿ ಅದು ತಿಳಿಯುತ್ತಿತ್ತು.

ಆ ಬೆರಳಿಗೇ ಮೂರು ವರ್ಷದ ಹಿಂದೆ ಜೋಮು ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಬಿಸಿ ಲೋಟ ಸುಟ್ಟದ್ದು ಗೊತ್ತಾಗದೆ ಬೊಬ್ಬೆ ಬಂತು, ಅಂಗಿಯ ಗುಂಡಿ ಹಾಕುವುದಕ್ಕೆ ಕನ್ನಡಿ ಬೇಕಾಯಿತು. ಡಾಕ್ಟರು ಅವನ ಕೈಯನ್ನು ಮೇಜಿನ ಮೇಲಿಟ್ಟು ಸೂಜಿಯಿಂದ ಚುಚ್ಚಿದರು. ಅವನು ಬೇರೆ ಕಡೆ ನೋಡುತ್ತ ಕೂತಿದ್ದ, ಚುಚ್ಚಿದ್ದು ತಿಳಿಯಲಿಲ್ಲ.

"ಇಷ್ಟು ವರ್ಷ ಉಜ್ಜೋ ಮೆಷಿನ್ ಹಿಡಿದಿದ್ದೀರಲ್ಲ, ಆ ನಡುಕಕ್ಕೆ ನರ ಹೋಗಿದೆ" ಎಂದರು ಡಾಕ್ಟರು. "ಹೋದದ್ದು ಬರಲ್ಲ."

ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಬೇರೆ. "ರಕ್ತ ಕಡಿಮೆ ಅಂತೆ. ಮಾತ್ರೆ ಕೊಟ್ಟಿದ್ದಾರೆ."

ಅಲ್ಲಿಂದ ಮುಂದೆ ಅವನು ಹೆದರಿಕೊಂಡೇ ಬದುಕಿದ. ಪ್ರತಿ ದೋಣಿಯಲ್ಲೂ ನಾಲ್ಕೈದು ಸ್ಕ್ರೂ ಕೈಯಲ್ಲಿ ಗಿರಗಿರ ತಿರುಗುತ್ತಿದ್ದವು. ಅವನು ಬಾಯಿ ಬಿಡದೆ, ಮೇಲೆ ರಬ್ಬರು ಬಿದ್ದದ್ದೇ ದೋಣಿ ಕಳಿಸುತ್ತಿದ್ದ. ವಾರಗಟ್ಟಲೆ ಕಟ್ಟೆಯ ಕಡೆ ಕಿವಿ ಕೊಟ್ಟು ಕೂರುತ್ತಿದ್ದ. ಯಾರೂ ಬರಲಿಲ್ಲ. ವರ್ಷ ಕಳೆದರೂ ಒಂದು ಪಟ್ಟಿಯೂ ಬಿಟ್ಟುಕೊಳ್ಳಲಿಲ್ಲ. ಬರಬರುತ್ತ ಅವನಿಗೆ ಧೈರ್ಯ ಬಂತು. ಬೆರಳು ಸತ್ತರೂ ಕೈಗೆ ಅಭ್ಯಾಸ ಇದೆ, ಕೈಯೇ ಹದ ನೋಡಿಕೊಳ್ಳುತ್ತದೆ ಎಂದುಕೊಂಡ. ಗಂಡಸು ತನಗೆ ಬೇಕಾದ್ದನ್ನು ನಂಬುವಾಗ ಪುರಾವೆ ಕೇಳುವುದಿಲ್ಲ, ಇವನೂ ಕೇಳಲಿಲ್ಲ.

ಹೀಗಿರುವಾಗ ಅಂಬಿಗ ಬಂದ. ಜನರನ್ನು ಆಚೆ ದಡಕ್ಕೆ ದಾಟಿಸುವ ಸಣ್ಣ ದೋಣಿ ಅವನದು. ದಿನಕ್ಕೆ ಐವತ್ತು ಸಲ ಕಟ್ಟೆಗೆ ತಾಗಿ ತಾಗಿ ಪಟ್ಟಿ ಚಿಂದಿಯಾಗಿತ್ತು. ಕಿತ್ತು ನೇತಾಡುತ್ತಿದ್ದ ತುಂಡು ಕಟ್ಟೆಯ ಕಂಬಕ್ಕೆ ಸಿಕ್ಕಿ ದೋಣಿ ವಾಲಿ, ಒಬ್ಬ ಮುದುಕಿ ಸೊಂಟದವರೆಗೆ ನೀರಿಗೆ ಬಿದ್ದಿದ್ದಳು.

"ಅಣ್ಣಾ, ನೀವೇ ಮಾಡ್ಬೇಕು ಇದನ್ನ" ಎಂದ ಅಂಬಿಗ. "ಇನ್ನೊಂದ್ಸಲ ಹಿಂಗಾದ್ರೆ ನನ್ನ ದೋಣಿಗೆ ಯಾರೂ ಕಾಲಿಡಲ್ಲ."

ಹಳೆಯ ಪಟ್ಟಿ ಕಿತ್ತರು, ಹಳೆಯ ತೂತುಗಳಿಗೆ ರೆಸಿನ್ ತುಂಬಿದರು. ಒಣಗಿದ ಮೇಲೆ ಹೊಸ ಪಟ್ಟಿ ಏರಿಸಿದರು. ಹೆಂಡತಿ ಕಾಲು ಊರಿ ಎಳೆದು ಹಿಡಿದಳು, ಅವನು ಮೂತಿಯಿಂದ ಸ್ಕ್ರೂ ಹಾಕುತ್ತ ಬಂದ. ಏಳನೆಯದು ಗಿರಗಿರ ತಿರುಗಿತು. ಹನ್ನೆರಡನೆಯದೂ. ಮುಗಿಯುವಷ್ಟರಲ್ಲಿ ಒಟ್ಟು ಐದು. ನೀರಿಗೆ ಬಿದ್ದ ಮುದುಕಿ ಕಣ್ಣ ಮುಂದೆ ಬಂದಳು. ಊಟವಾದ ಮೇಲೆ ಏನಾದರೂ ನೆಪ ಹೇಳಿ ಸರಿಮಾಡಬೇಕು ಎಂದುಕೊಂಡ. ಆದರೆ ಊಟವಾಗುತ್ತಿದ್ದ ಹಾಗೇ ಹೆಂಡತಿ ಎಂದಿನಂತೆ "ಸ್ವಲ್ಪ ಹೊತ್ತು ಮಲಗ್ರೀ" ಎಂದು ಚಾಪೆ ಹಾಸಿದಳು. ಎದ್ದು ಬಂದು ನೋಡಿದರೆ ಇಡೀ ದೋಣಿಗೆ ರಬ್ಬರು ತುರುಕಿಬಿಟ್ಟಿದ್ದಳು.

"ಬಿಸಿಲಿಗೆ ರಬ್ಬರು ಮೆತ್ತಗಿತ್ತು, ಹಾಕ್ಬಿಟ್ಟೆ" ಎಂದಳು.

ತೆಗಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಹೇಡಿತನ, ಇನ್ನೇನು.

ಮರುದಿನ ಬೆಳಿಗ್ಗೆ ಅವಳು ಅಂಗಡಿಗೆ ಹೋದ ಸಮಯ ನೋಡಿ ಒಬ್ಬನೇ ಶೆಡ್ಡಿಗೆ ಬಂದ. ಮೂತಿಯ ಹತ್ತಿರ ರಬ್ಬರು ಎಬ್ಬಿಸಿ ಏಳನೆಯ ಸ್ಕ್ರೂ ನೋಡಿದ. ತಾನು ಹಾಕಿದ್ದಲ್ಲ ಅದು. ಒಂದು ನಂಬರ್ ದಪ್ಪ, ತಲೆ ಅಗಲ, ಸುತ್ತ ಉಗುರಿನಷ್ಟು ರೆಸಿನ್ ಉಕ್ಕಿ ಗಟ್ಟಿಯಾಗಿತ್ತು. ತಿರುಗಿಸಿ ನೋಡಿದ. ಅಲ್ಲಾಡಲಿಲ್ಲ. ಹನ್ನೆರಡನೆಯದೂ ಹಾಗೆಯೇ. ಐದಕ್ಕೆ ಐದೂ. ಹೊರಗೆ ಓಡಿ, ಹೋದ ವರ್ಷ ತಾನು ಪಟ್ಟಿ ಹಾಕಿದ ದೋಣಿಯೊಂದು ಕಟ್ಟೆಗೆ ಕಟ್ಟಿತ್ತಲ್ಲ, ಅದರ ರಬ್ಬರನ್ನೂ ಎಬ್ಬಿಸಿ ನೋಡಿದ. ಅಲ್ಲಿಯೂ ಅದೇ ದಪ್ಪ ಸ್ಕ್ರೂ.

ವಾಪಸು ಬಂದು ಕೂತ. ಮೊದಲು ಜೀವ ಬಂದಂತಾಯಿತು, ಯಾರೂ ನೀರಿಗೆ ಬೀಳುವುದಿಲ್ಲ. ಆಮೇಲೆ ನಾಚಿಕೆಯಾಯಿತು. ತಾನು ಮಲಗಿದ್ದಾಗ ಯಾರೋ ಮನೆಗೆ ಬಂದು ಕಸ ಗುಡಿಸಿ ಹೋದ ಹಾಗೆ. ಮೂರು ವರ್ಷ ಜನ ಹೊಗಳಿದ್ದು ಯಾರನ್ನು?

ಹೆಂಡತಿ ಚೀಲ ಹಿಡಿದು ಬಂದವಳು ಎದ್ದ ರಬ್ಬರನ್ನು ನೋಡಿದಳು, ಅವನ ಮುಖ ನೋಡಿದಳು.

"ಎಷ್ಟು ದಿನದಿಂದ?" ಎಂದ.

"ನಿಮ್ಮ ಕೈ ಸುಟ್ಟು ಬೊಬ್ಬೆ ಬಂದಿತ್ತಲ್ಲ, ಆವತ್ತಿಂದ."

"ನನಗೊಂದು ಮಾತು ಹೇಳ್ಬಾರದಿತ್ತಾ?"

"ನೀವು ನನಗೆ ಹೇಳಿದ್ರಾ?"

ಅವನು ಮಾತು ಬದಲಿಸಿದ. "ಯಾರು ಕಲಿಸಿದ್ರು ನಿನಗೆ?" ಎಂದ.

"ಇಷ್ಟು ವರ್ಷ ಎದುರಿಗೆ ನಿಂತಿದ್ದೀನಿ. ಕಣ್ಣು ಮುಚ್ಕೊಂಡು ಎಳೀತಿದ್ನಾ?" ಎಂದು ಚೀಲ ಕೆಳಗಿಟ್ಟಳು. "ಸ್ಕ್ರೂ ಕೆಟ್ಟರೆ ಪಟ್ಟಿಯಲ್ಲಿ ನನ್ನ ಕೈಗೆ ಗೊತ್ತಾಗತ್ತೆ. ಅದಿರಲಿ. ಅಂಬಿಗನಿಗೆ ಮಾತ್ರ ಹೇಳ್ಬೇಡಿ. ನಾನು ಮಾಡಿದ್ದು ಅಂತ ತಿಳಿದ್ರೆ ಈ ಶೆಡ್ಡಿಗೆ ಯಾರು ದೋಣಿ ತರ್ತಾರೆ?"

ಅವನಿಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಜನ ಅಷ್ಟು ಕೆಟ್ಟವರಲ್ಲ ಎಂಬುದು ಅವನ ಲೆಕ್ಕ. ಮೂವತ್ತು ವರ್ಷ ಜನರಿಂದ ಹೊಗಳಿಸಿಕೊಂಡವನಿಗೆ ಹಾಗೆ ಅನ್ನಿಸುವುದು ಸಹಜವೇ.

ಅಷ್ಟರಲ್ಲಿ ಅಂಬಿಗನೇ ಬಂದ. ಎಬ್ಬಿಸಿದ ರಬ್ಬರನ್ನು ಹೆಂಡತಿ ಸರಕ್ಕನೆ ಒಳಕ್ಕೆ ಒತ್ತಿದಳು. ಅಂಬಿಗ ಪಟ್ಟಿಯುದ್ದಕ್ಕೂ ಕೈಯಾಡಿಸಿದ, ಮೂತಿಗೆ ಮುಷ್ಟಿಯಿಂದ ಗುದ್ದಿದ, ಹಲ್ಲು ಕಿರಿದ.

"ಹದದಣ್ಣನ ಕೈ ಅಂದ್ರೆ ಕೈ! ಚಿನ್ನದ ಕಡಗ ತೊಡಿಸ್ಬೇಕು ಇದಕ್ಕೆ."

ಹದದಣ್ಣನಿಗೆ ಆ ಮಾತು ತಡೆಯಲಾಗಲಿಲ್ಲ. "ನನ್ನ ಕೈ ಸತ್ತು ಮೂರು ವರ್ಷ ಆಯ್ತು ಕಣೋ. ಇದನ್ನ ಗಟ್ಟಿ ಮಾಡಿದ್ದು ಇವಳು. ಈ ಕಟ್ಟೆಯಲ್ಲಿರೋ ದೋಣಿ ಎಲ್ಲಾ ಇವಳದೇ ಕೆಲಸ."

ಅಂಬಿಗ ನಕ್ಕ. "ಬೆಳಿಗ್ಗೆ ಬೆಳಿಗ್ಗೆ ಜಗಳ ಆಯ್ತಾ? ಅಕ್ಕನ್ನ ಸಮಾಧಾನ ಮಾಡೋಕೆ ನನ್ನ ದೋಣಿನೇ ಬೇಕಿತ್ತಾ ಅಣ್ಣಾ?"

"ತಮಾಷೆ ಅಲ್ಲ." ಹದದಣ್ಣ ತನ್ನ ಬೆರಳುಗಳನ್ನು ಅವನ ಮುಂದೆ ಚಾಚಿದ. "ಚುಚ್ಚಿ ನೋಡು ಬೇಕಾದ್ರೆ."

ಅಂಬಿಗನ ನಗು ನಿಂತಿತು. ಬೆರಳು ನೋಡಿದ, ಅಕ್ಕನನ್ನು ನೋಡಿದ. ಮತ್ತೆ ಬಗ್ಗಿ, ಈಗಷ್ಟೇ ಹೊಗಳಿದ ಅದೇ ಪಟ್ಟಿಯನ್ನು ಹೆಬ್ಬೆರಳಿನಿಂದ ಅಲ್ಲಲ್ಲಿ ಒತ್ತಿ ಒತ್ತಿ ನೋಡತೊಡಗಿದ.

"ಅಲ್ಲ ಅಣ್ಣಾ... ತಾಳುತ್ತಾ ಇದು?"

"ಈಗ ತಾನೇ ಗುದ್ದಿ ನೋಡಿದ್ಯಲ್ಲೋ!"

"ಗುದ್ದಿದೆ, ಸರಿ. ಆದ್ರೆ ಜನ ಕೂರೋ ದೋಣಿ ನೋಡಿ..." ಅವನು ಅಕ್ಕನ ಕಣ್ಣು ತಪ್ಪಿಸಿದ. "ಬೇಜಾರು ಮಾಡ್ಕೋಬೇಡಿ ಅಕ್ಕಾ. ಅಣ್ಣಾ, ನೀವೇ ಒಂದ್ಸಲ ಎಲ್ಲಾ ಸ್ಕ್ರೂ ಬಿಗಿ ಮಾಡ್ಬಿಡಿ. ಕಟ್ಟೆ ಮೇಲೇ ಇರ್ತೀನಿ, ಆದ ಮೇಲೆ ಕೂಗಿ."

ಅವನು ಹೋದ ಮೇಲೆ ಹದದಣ್ಣ ಹೆಂಡತಿಯ ಕಡೆ ನೋಡಲಾರದೆ ನಿಂತ. ತನ್ನ ನೋವಷ್ಟೇ ನೋಡಿಕೊಂಡಿದ್ದೆ, ಅವಳ ಕೆಲಸದ ಬೆಲೆಯನ್ನು ಅವಳ ಕಣ್ಣೆದುರೇ ಹಾಳು ಮಾಡಿದೆ ಎಂದು ಈಗ ಗೊತ್ತಾಯಿತು.

ಅವಳು ಗೂಡಿನಿಂದ ಸ್ಕ್ರೂಡ್ರೈವರ್ ತಂದು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಹಿಡಿಗೆ ಸುತ್ತಿದಳು.

"ಬಲ ಹಾಕ್ಬೇಡಿ. ಮತ್ತೆ ಕೆಟ್ಟೀತು" ಎಂದಳು. "ತಿರುಗಿಸೋ ಹಾಗೆ ಕಂಡ್ರೆ ಸಾಕು. ಅವನು ನೋಡ್ತಿದ್ದಾನೆ."

ಮೂತಿಯ ಹತ್ತಿರ ಕೂತು ಅವಳು ರಬ್ಬರು ಎಬ್ಬಿಸಿದಳು. ಅವನು ಬಗ್ಗಿ ಮೊದಲನೆಯ ಸ್ಕ್ರೂವಿನ ಮೇಲೆ ಸ್ಕ್ರೂಡ್ರೈವರ್ ಇಟ್ಟ, ತಿರುಗಿಸುವವನಂತೆ ಮಣಿಕಟ್ಟು ಅಲ್ಲಾಡಿಸಿದ. ಆಮೇಲೆ ಎರಡನೆಯದು. ಕಟ್ಟೆಯ ಮೇಲೆ ಅಂಬಿಗ ಯಾರಿಗೋ ಕೈ ತೋರಿಸಿ ಹೇಳುತ್ತಿದ್ದುದು ನೀರಿನ ಮೇಲಿಂದ ಕೇಳಿಸಿತು, "ಹದದಣ್ಣ ತಾನೇ ಕೂತು ಮಾಡ್ತಿದ್ದಾನೆ, ಇನ್ನೇನು ಭಯ ಇಲ್ಲ." ಹೆಂಡತಿಗೂ ಅದು ಕೇಳಿಸಿತು. ಅವಳು ತಲೆ ಎತ್ತದೆ ಮೂರನೆಯದರ ಮೇಲಿನ ರಬ್ಬರು ಬಿಡಿಸಿಕೊಟ್ಟಳು.