ಅರಾಬಾ ಬಣ್ಣ ಹಚ್ಚಿದ್ದು

ಟಕೊರಾಡಿ ಬಂದರಿನ ಸರಕು ಕಚೇರಿಯಲ್ಲಿ ಅರಾಬಾ ತಾವಿಯಾ ಮತ್ತು ನಾನು ಆರು ವರ್ಷ ಅಕ್ಕಪಕ್ಕ ಕುಳಿತು ಟೈಪ್ ಮಾಡಿದೆವು. ಅವಳಷ್ಟು ಪುಕ್ಕಲು ಹೆಣ್ಣನ್ನು ನಾನು ನೋಡಿಲ್ಲ. ಸಾಹೇಬರು ಕೆಮ್ಮಿದರೆ ಸಾಕು, ಬೆರಳು ತಪ್ಪು ಕೀಲಿಯ ಮೇಲೆ ಬೀಳುತ್ತಿತ್ತು. ಹಡಗು ಕೂಗಿದರೆ ಎದೆ ಮುಟ್ಟಿಕೊಳ್ಳುತ್ತಿದ್ದಳು.

ಆದರೆ ಮಧ್ಯಾಹ್ನ ಗೋದಾಮಿನ ಹಿಂದೆ ನಾವಿಬ್ಬರೇ ಕೂತು, ಕೆಂಕಿ ಮುದ್ದೆಯ ಮೇಲಿನ ಎಲೆ ಬಿಚ್ಚುವ ಹೊತ್ತಿಗೆ ಅವಳು ಬೇರೆಯವಳೇ ಆಗಿಬಿಡುತ್ತಿದ್ದಳು. ಮೀನು ಮಾರುವವಳ ಜಗಳ, ಪಾದ್ರಿಯ ಹೆಂಡತಿಯ ನಡಿಗೆ, ಎಲ್ಲವನ್ನೂ ಹಾಗೆಹಾಗೇ ಆಡಿ ತೋರಿಸುತ್ತಿದ್ದಳು. ನಾನು ನಕ್ಕು ನಕ್ಕು ಮೆಣಸಿನ ಗೊಜ್ಜು ಚೆಲ್ಲಿಕೊಳ್ಳುತ್ತಿದ್ದೆ.

ಅವಳ ಮನೆಯ ಪಕ್ಕದ ಅಂಗಳದಲ್ಲಿ ಅಹೋತೊ ನಾಟಕ ತಂಡ ತಾಲೀಮು ಮಾಡುತ್ತಿತ್ತು. ಹೆಣ್ಣಿನ ಪಾತ್ರವನ್ನೆಲ್ಲ ಗಂಡಸರೇ ಮಾಡುತ್ತಿದ್ದ ಕಾಲ. ಎಪ್ಪತ್ತೊಂದರಲ್ಲಿ, ಮಲತಾಯಿಯ ಪಾತ್ರದ ಕ್ವಾವ್ ಎಂಬವನು ಕೆಲಸ ಸಿಕ್ಕಿತೆಂದು ತೆಮಾಕ್ಕೆ ಹೊರಟುಹೋದ. ಅದೇ ವಾರ ಅರಾಬಾ ನಲ್ಲಿಯ ಹತ್ತಿರ ಬಕೆಟ್ ಇಟ್ಟುಕೊಂಡು, ಯಾರೂ ಇಲ್ಲವೆಂದು ಆ ಮಲತಾಯಿಯ ಮಾತುಗಳನ್ನು ಆಡುತ್ತಿದ್ದಳು. ಗೋಡೆಯ ಮೇಲೆ ತಂಡದ ಯಜಮಾನ ಡಾಜಿ ಮೇಷ್ಟ್ರ ತಲೆ ಕಾಣಿಸಿತು.

"ಯಾರಮ್ಮ ಅದು, ನಮ್ಮ ಮಾತು ಕದಿಯೋಳು?"

ಅರಾಬಾ ಬಕೆಟ್ ಬಿಟ್ಟು ಒಳಗೋಡಿ ಬಾಗಿಲು ಹಾಕಿಕೊಂಡಳು. ಮೇಷ್ಟ್ರು ಮರುದಿನ ಬಾಗಿಲಿಗೇ ಬಂದರು. "ಶನಿವಾರ ಶಾಮಾದಲ್ಲಿ ಆಟ ಇದೆ. ಒಂದೇ ಒಂದು ಸಲ ಮಾಡಿ ನೋಡು. ಬೇಡ ಅನ್ಸಿದ್ರೆ ನಿನ್ನ ಟೈಪಿಂಗ್ ನಿನಗಿದ್ದೇ ಇದೆ."

ನಮ್ಮಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು. ಸೋದರಮಾವನದೇ ಕೊನೆಯ ಮಾತು. ಅವಳ ಮಾವ ಎಸೆಲ್ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ದುಡ್ಡು ಕಟ್ಟಿ ಅವಳಿಗೆ ಟೈಪಿಂಗ್ ಕಲಿಸಿದವರು. ಅವರ ಅಪ್ಪಣೆ ಕೇಳಲು ಒಬ್ಬಳೇ ಹೋಗಲಾರೆನೆಂದು ನನ್ನನ್ನೂ ಕರೆದುಕೊಂಡು ಹೋದಳು.

"ಮಾವ, ಶನಿವಾರ ಶಾಮಾಕ್ಕೆ ಹೋಗ್ಬೇಕು."

"ಯಾರು ತೀರ್ಕೊಂಡ್ರು?" ನಮ್ಮಲ್ಲಿ ಶನಿವಾರ ಪರವೂರಿಗೆ ಹೊರಟರೆ ಅದು ಸಾವಿನ ಮನೆಗೇ.

"ಸಾವಲ್ಲ ಮಾವ. ಡಾಜಿ ಮೇಷ್ಟ್ರ ನಾಟಕ. ನಾನು... ಬಣ್ಣ ಹಚ್ಚಬೇಕು."

ಅವರು ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಚಿಲುಮೆಯನ್ನು ಮೆಲ್ಲಗೆ ಕೆಳಗಿಟ್ಟರು. "ಗಂಡಸರ ಜೊತೆ ವ್ಯಾನಲ್ಲಿ ಊರೂರು ಅಲೆಯೋಳಿಗೆ ಜನ ಏನಂತಾರೆ, ಗೊತ್ತಾ?"

"ಗೊತ್ತು ಮಾವ."

"ಹಾಗಾದ್ರೆ ಕೇಳು ಮಗಳೇ. ನೀನು ಆ ಹಲಗೆ ಹತ್ತಿದ ದಿನ ನೆಲಕ್ಕೆ ಹೆಂಡ ಸುರಿದು ಸತ್ತ ಹಿರಿಯರಿಗೆ ಹೇಳ್ತೀನಿ, ಇವಳು ನಮ್ಮೋಳಲ್ಲ ಅಂತ. ನಾಳೆ ನೀನು ಸತ್ರೆ ಹೆಣ ಎತ್ತೋಕೆ ಈ ಮನೆಯಿಂದ ಒಬ್ಬರೂ ಬರಲ್ಲ."

ದಾರಿಯುದ್ದಕ್ಕೂ ಅರಾಬಾ ನನ್ನ ಮಣಿಕಟ್ಟು ಬಿಡಲಿಲ್ಲ. ಉಗುರಿನ ಗುರುತು ಎರಡು ದಿನ ಉಳಿದಿತ್ತು. "ಹೋಗಲ್ಲ ಕಣೇ ಮಾನ್ಸಾ," ಎಂದಳು. ಒಳ್ಳೆಯದಾಯಿತು ಎಂದೆ. ನಿಜಕ್ಕೂ ನನಗೆ ಹಾಗೇ ಅನಿಸಿತ್ತು. ಆದರೂ ದಿನಾ ಸಂಜೆ ತಾಲೀಮಿಗೆ ಹೋಗುತ್ತಿದ್ದಳಂತೆ. ನನಗೆ ಶುಕ್ರವಾರವಷ್ಟೇ ತಿಳಿಯಿತು.

"ನಾಳೆ ನನ್ನ ಜೊತೆ ಬರ್ತೀಯಾ?"

"ಹೋಗಲ್ಲ ಅಂದಿದ್ದೆಯಲ್ಲೇ!"

"ಹೋದ್ರೂ ಭಯ, ಹೋಗದಿದ್ರೂ ಭಯ. ಹೋಗೇ ಭಯ ಪಡ್ತೀನಿ."

ಶಾಮಾದಲ್ಲಿ ಒಂದು ದೊಡ್ಡ ಮನೆಯ ಅಂಗಳ. ಪೀಪಾಯಿಗಳ ಮೇಲೆ ಹಲಗೆ ಹಾಸಿ, ಗ್ಯಾಸ್ ದೀಪ ತೂಗುಹಾಕಿದ್ದರು. ಪರದೆಯ ಹಿಂದೆ ಮೇಷ್ಟ್ರು ಅವಳ ತುಟಿಯ ಸುತ್ತ ಬಿಳಿ ಬಣ್ಣ ಹಚ್ಚಲು ಹೋದರೆ ಗದ್ದ ಗಡಗಡ ನಡುಗಿ ಗೆರೆ ಸೊಟ್ಟಗಾಗುತ್ತಿತ್ತು. ನಾನು ಎರಡೂ ಕೈಯಲ್ಲಿ ಅವಳ ಮುಖ ಹಿಡಿದುಕೊಂಡೆ. ತಣ್ಣಗಿತ್ತು. "ಕಾಲು ಏಳ್ತಿಲ್ಲ ಮೇಷ್ಟ್ರೇ," ಎಂದಳು. ಡೋಲು ಬಡಿಯುತ್ತಿದ್ದಂತೆ ಅವರು ಬೆನ್ನಿಗೆ ಕೈಯಿಟ್ಟು ತಳ್ಳಿಯೇಬಿಟ್ಟರು.

ಅರಾಬಾ ದೀಪದ ಕೆಳಗೆ ನಿಂತಳು. ಬಾಯಿಂದ ಮಾತೇ ಹೊರಡಲಿಲ್ಲ.

"ಏ, ಇವಳು ನಿಜವಾದ ಹೆಂಗಸು ಕಣ್ರೋ!" ಯಾರೋ ಕೂಗಿದರು.

"ಹೆಂಗಸಾದ್ರೆ ಇಷ್ಟೊತ್ತಿಗೆ ಮಾತು ಶುರುವಾಗ್ಬೇಕಿತ್ತಲ್ಲ!"

ಅಂಗಳವೆಲ್ಲ ನಗು, ಶಿಳ್ಳೆ. ಗಿಟಾರಿನವರು ಬಾರಿಸಿದ್ದನ್ನೇ ಮತ್ತೆ ಬಾರಿಸಿದರು. ಅನಾಥ ಹುಡುಗನ ಪಾತ್ರ ಮಾಡುತ್ತಿದ್ದ ಎಬೋ ನಲವತ್ತು ದಾಟಿದ ಕುಳ್ಳ. ಅವನು ತೆವಳಿಕೊಂಡು ಬಂದು ಅವಳ ಕಾಲು ಹಿಡಿದು, "ಬೈಯಿ ತಂಗೀ, ಏನಾದ್ರೂ ಬೈಯಿ," ಎಂದು ಪಿಸುಗುಟ್ಟಿದ.

ಅವಳು ಬಾಯಿ ತೆರೆದಳು. ಹೊರಗೆ ಬಂದದ್ದು ಎಸೆಲ್ ಮಾವನ ದನಿ. "ಹಾಗಾದ್ರೆ ಕೇಳು ಮಗನೇ." ಕಿರುಚಾಟವಿಲ್ಲ, ಅಬ್ಬರವಿಲ್ಲ. ಅಷ್ಟೇ ಮೆಲ್ಲಗೆ ಅವನ ಮುಂದಿದ್ದ ತಟ್ಟೆ ಎತ್ತಿಕೊಂಡು ಅನ್ನವನ್ನು ಮಣ್ಣಿಗೆ ಸುರಿದಳು. ಅಂಗಳ ಗಪ್ಪಾಯಿತು. ಇದು ನನ್ನ ಅರಾಬಾ ಅಲ್ಲ ಎಂದು ನನಗೇ ಹೆದರಿಕೆಯಾಯಿತು.

ಹೆಂಗಸರು ಅಳುತ್ತ ಎಬೋನ ಮುಂದೆ ಬ್ರೆಡ್ಡು, ಕಿತ್ತಳೆ ತಂದಿಟ್ಟರು. ಒಬ್ಬ ಮುದುಕಿ ಚಪ್ಪಲಿ ಹಿಡಿದು ಹಲಗೆಯನ್ನೇ ಹತ್ತಿದಳು. "ತಬ್ಬಲಿ ಅನ್ನ ಕಸ್ಕೋತೀಯಾ, ರಾಕ್ಷಸಿ!"

ಅರಾಬಾ ಓಡಬೇಕಿತ್ತು. ಅವಳು ಮುದುಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಾ ಅಜ್ಜಿ, ಪಾತ್ರೆ ತೊಳೆಯೋಕೆ ಒಬ್ಬರು ಬೇಕಾಗಿತ್ತು," ಎಂದಳು.

ಅರ್ಧ ಜನ ಬಿದ್ದುಬಿದ್ದು ನಕ್ಕರು. ಇನ್ನರ್ಧ ಜನ ಕಲ್ಲು ಹುಡುಕಿದರು.

ಆಟ ಮುಗಿದರೂ ಮೂವತ್ತು ಮಂದಿ ವ್ಯಾನ್ ಸುತ್ತ ಕಾದು ನಿಂತಿದ್ದರು. ಅವಳಿಗೆ ಡೋಲಿನ ಹೊದಿಕೆ ಸುತ್ತಿ, ಸಾಮಾನಿನಂತೆ ಹೊತ್ತು ಒಳಗೆ ಹಾಕಿದೆವು. ಹೊರಗಿನಿಂದ ತಗಡಿನ ಮೇಲೆ ಗುದ್ದುಗಳು ಬೀಳುತ್ತಿದ್ದವು. ಹೊದಿಕೆಯೊಳಗೆ ಅವಳು ಬಿಕ್ಕುತ್ತಿದ್ದಳು, ನಾನೂ ಅತ್ತೆ. ಮೇಷ್ಟ್ರು ಮಾತ್ರ ತೊಡೆ ತಟ್ಟಿಕೊಂಡು, "ಹತ್ತು ವರ್ಷದಲ್ಲಿ ಕ್ವಾವ್‌ಗೆ ಒಬ್ಬನಾದ್ರೂ ಒಂದು ಕಲ್ಲು ಹೊಡೆದಿದ್ನಾ?" ಎನ್ನುತ್ತಿದ್ದರು.

ಸೋಮವಾರ ಅವಳು ರಾಜೀನಾಮೆ ಪತ್ರವನ್ನು ನಾಲ್ಕು ಸಲ ಟೈಪ್ ಮಾಡಿದಳು, ನಾಲ್ಕು ಸಲವೂ ಹರಿದಳು. "ನೀನೇ ಮಾಡಿಕೊಡೇ. ನನ್ನ ಕೈ ಆಡ್ತಿಲ್ಲ."

"ಇಷ್ಟು ಹೆದರಿಕೆ ಇಟ್ಕೊಂಡು ಯಾಕೇ ಹೋಗ್ತೀಯ?"

"ಶಾಮಾದ ಜನ ನನ್ನನ್ನ ನಿಜ ಅಂತಲೇ ನಂಬಿಬಿಟ್ರಲ್ಲೇ, ಮಾನ್ಸಾ."

ನಾನು ಟೈಪ್ ಮಾಡಿಕೊಟ್ಟೆ. ಅವಳು ಸಹಿ ಹಾಕಿದಳು.

ಮಾವ ಆಡಿದಂತೆಯೇ ಮಾಡಿದರು. ಹೆಂಡ ಸುರಿದ ದಿನ ಅವಳು ತಂಡದೊಂದಿಗೆ ಪ್ರೆಸ್ಟಿಯಾದಲ್ಲಿದ್ದಳು. ಮೂರನೇ ವರ್ಷ ಅವರು ತೀರಿಕೊಂಡಾಗ ಕಪ್ಪು ಬಟ್ಟೆಯುಟ್ಟು ಬಂದು, ಗೇಟಿನ ಬಳಿ ಅರ್ಧ ಗಂಟೆ ನಿಂತಳು. ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ. ಕೊನೆಗೆ ಚಿಕ್ಕಮ್ಮ ಒಬ್ಬಳು ಅವಳತ್ತ ನೋಡದೆಯೇ ಬೆಂಚಿನ ಮೇಲೆ ಸ್ವಲ್ಪ ಸರಿದಳು. ಅರಾಬಾ ಹೋಗಿ ಕೂತಳು. ಯಾರೂ ಮಾತಾಡಿಸಲಿಲ್ಲ, ಯಾರೂ ಏಳು ಎನ್ನಲೂ ಇಲ್ಲ.

ಹನ್ನೊಂದು ವರ್ಷ ಬಣ್ಣ ಹಚ್ಚಿದಳು. ಎಂಬತ್ತೆರಡರಲ್ಲಿ ಕರ್ಫ್ಯೂ ಬಂದು, ಕತ್ತಲಾದ ಮೇಲೆ ಯಾರೂ ಮನೆಬಿಟ್ಟು ಹೊರಡದಂತಾಯಿತು. ತಂಡ ಚದುರಿತು. ಅರಾಬಾ ಸೆಕೊಂಡಿ ಸಂತೆಯಲ್ಲಿ ಹೊಗೆ ಮೀನು ಮಾರಲು ಕೂತಳು. ಒಂದು ದಿನ ಯಾರೋ ಹೆಂಗಸೊಬ್ಬಳು ಮೀನು ಆರಿಸಿ, ಕೊಳ್ಳುವ ಮುಂಚೆ ಇವಳ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳಂತೆ. "ಬೇಡಮ್ಮ, ನಿನ್ನ ಕೈಯದ್ದು ಬೇಡ. ಆ ತಬ್ಬಲಿ ಮಗುಗೆ ನೀನು ಮಾಡಿದ್ದನ್ನ ನಾನು ಕಣ್ಣಾರೆ ನೋಡಿದೀನಿ." ಅಂದು ಸಂಜೆ ಅರಾಬಾ ಅದನ್ನು ಹೇಳಲೆಂದೇ ನಮ್ಮ ಮನೆಗೆ ಬಂದಳು. ಆ ಹೆಂಗಸು ಬುಟ್ಟಿ ಎತ್ತಿಕೊಂಡು ತಿರುಗಿ ತಿರುಗಿ ನೋಡುತ್ತ ಹೋದದ್ದನ್ನು ನನ್ನ ಅಡುಗೆಮನೆಯಲ್ಲಿ ಎರಡು ಸಲ ನಡೆದು ತೋರಿಸಿದಳು.